ನಾಳೆಯ ಕೆಲಸಕ್ಕೆ ಇವತ್ತಿನ ಪಾಠ: ಪೋಷಕರೂ ಟೀಚರ್‌ಗಳೂ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ಕನ್ನಡ ಮಾಧ್ಯಮ. ನಮ್ಮ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಆಟೊ ಓಡಿಸುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಯಲ್ಲೇ ಇಸ್ತ್ರಿ ಮಾಡಿಕೊಡುವವರು, ಸಣ್ಣ ಅಂಗಡಿ ಇಟ್ಟುಕೊಂಡವರು ಜಾಸ್ತಿ. ಪೋಷಕರ ಸಭೆಯಲ್ಲಿ, ಟೀಚರ್‌ಗಳ ತರಬೇತಿಯಲ್ಲಿ, ಓದು ಮುಗಿಸಿ ಹೋದ ಮಕ್ಕಳ ಮೆಸೇಜುಗಳಲ್ಲಿ ಒಂದೇ ಥರದ ಪ್ರಶ್ನೆಗಳು ಬರುತ್ತಲೇ ಇರುತ್ತವೆ: ನಾಳೆಯ ಕೆಲಸಗಳಿಗೆ ತಯಾರಾಗಲು ಮಕ್ಕಳು ಏನು ಕಲಿಯಬೇಕು, ನಾವು ಕಲಿಸುವ ರೀತಿ ಹೇಗೆ ಬದಲಾಗಬೇಕು ಅಂತ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಮೊದಲು ಕೇಳುವುದು

"ನಾವು ಓದಿದ ಹಾಗೇ ಇವರೂ ಓದಿದ್ರೆ ಆಗಲ್ವಾ ಮಿಸ್? ನಾವೇನು ಕೆಟ್ಟುಹೋದ್ವಾ?"

ಖಂಡಿತ ಇಲ್ಲ. ನಿಮ್ಮ ಟೀಚರ್‌ಗಳು ನಿಮ್ಮ ಕಾಲಕ್ಕೆ ಬೇಕಾದ್ದನ್ನು ಕಲಿಸಿದರು. ಆಮೇಲೆ ಕೆಲಸದ ರೀತಿ ಬದಲಾಯಿತು. ಜಾಲಹಳ್ಳಿಯ ಎಚ್‌ಎಂಟಿ, ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆ, ಬಿಇಎಲ್, ಎಚ್‌ಎಎಲ್ ಇಂಥ ಕಡೆ ಒಮ್ಮೆ ಸೇರಿದರೆ ನಿವೃತ್ತಿಯವರೆಗೆ ಅದೇ ಗೇಟು, ಅದೇ ಶಿಫ್ಟು. ಒಂದು ಕಾಲದಲ್ಲಿ ಮದುವೆಗೆ ಎಚ್‌ಎಂಟಿ ವಾಚು ಅಂದರೆ ದೊಡ್ಡ ಉಡುಗೊರೆ. ಆ ವಾಚಿನ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು.

ನಮ್ಮಮ್ಮ ಎಸ್ಸೆಸ್ಸೆಲ್ಸಿ ಆದ ಮೇಲೆ ಟೈಪಿಂಗ್ ಜೂನಿಯರ್, ಸೀನಿಯರ್ ಪಾಸು ಮಾಡಿ ಆಫೀಸು ಸೇರಿದವರು. ಹದಿನೈದು ವರ್ಷ ಕಳೆಯುವುದರೊಳಗೆ ಟೈಪ್‌ರೈಟರ್ ಮೂಲೆ ಸೇರಿತು. ಅಮ್ಮನ ಕೆಲಸ ಮಾತ್ರ ಉಳಿಯಿತು. ಸಾಹೇಬರು ಅರ್ಧಂಬರ್ಧ ಹೇಳಿದ್ದನ್ನು ಅಮ್ಮ ಒಂದು ಸರಿಯಾದ ಪತ್ರವಾಗಿ ಕೂಡಿಸುತ್ತಿದ್ದರು. ಕಂಪ್ಯೂಟರ್ ಬಂದಾಗ ತಮಗಿಂತ ಹತ್ತು ವರ್ಷ ಚಿಕ್ಕ ಹುಡುಗಿಯ ಪಕ್ಕ ಕುಳಿತು "ತೋರಿಸಿಕೊಡಮ್ಮ" ಅಂತ ಕೇಳಿ ಕಲಿತರು. ಬೇರೆಯವರ ಮಾತು ಅರ್ಥ ಮಾಡಿಕೊಳ್ಳುವುದು, ಗೊತ್ತಿಲ್ಲದ್ದನ್ನು ನಾಚಿಕೆಯಿಲ್ಲದೆ ಕೇಳಿ ಕಲಿಯುವುದು, ಇವೆರಡನ್ನು ಅವರಿಗೆ ಯಾವ ಇನ್‌ಸ್ಟಿಟ್ಯೂಟೂ ಹೇಳಿಕೊಟ್ಟಿರಲಿಲ್ಲ. ನಮ್ಮ ಮಕ್ಕಳಿಗೆ ಶಾಲೆಯಲ್ಲೇ ಸಿಗಲಿ ಅಂತ ನನ್ನಾಸೆ.

"ಹಾಗಾದ್ರೆ ಕೋಡಿಂಗ್ ಕ್ಲಾಸಿಗೆ ಸೇರಿಸಲೇಬೇಕಾ?"

ಮಗುವಿಗೆ ಇಷ್ಟವಿದ್ದರೆ ಸೇರಿಸಿ. ಹೆದರಿಕೆಯಿಂದ, ಸಾಲ ಮಾಡಿ ಸೇರಿಸಬೇಡಿ. ಮನೆಯಲ್ಲೇ ಒಂದು ಕೆಲಸ ಕೊಟ್ಟು ನೋಡಿ: ಉಪ್ಪಿಟ್ಟು ಮಾಡುವುದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯಲಿ. ಅದನ್ನು ಓದಿಕೊಂಡು ಉಪ್ಪಿಟ್ಟು ಮಾಡಿಯೇ ಗೊತ್ತಿಲ್ಲದ ಇನ್ನೊಬ್ಬರು ಮಾಡಲಿ. "ರವೆ ಹುರಿಯಿರಿ" ಅಂದರೆ ಎಲ್ಲಿಯವರೆಗೆ? ನೀರು ಎಷ್ಟು? ಗಂಟಾದರೆ ಏನು ಮಾಡುವುದು? ಕೆಲಸವನ್ನು ಬಿಡಿಸಿ ಹೇಳುವ ಈ ಅಭ್ಯಾಸವೇ ಕೋಡಿಂಗ್‌ನ ತಳಪಾಯ. ಅದು ಬಂದ ಮಗು ಕೋಡಿಂಗನ್ನು ಆಮೇಲೆ ಯಾವಾಗ ಬೇಕಾದರೂ ಕಲಿಯುತ್ತದೆ.

"ನಮ್ಮ ಶಾಲೇಲಿ ಸ್ಮಾರ್ಟ್ ಬೋರ್ಡೂ ಇಲ್ಲ, ಲ್ಯಾಬೂ ಇಲ್ಲ. ಇದೆಲ್ಲ ಹೆಂಗೆ ಮಾಡೋದು?"

ನಲಿ-ಕಲಿ ನೆನಪಿಸಿಕೊಳ್ಳಿ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾಗಿದ್ದು. ಕಾರ್ಡುಗಳು, ಹಾಡು, ಆಟ, ಗುಂಪು, ತನ್ನ ವೇಗದಲ್ಲಿ ಕಲಿಯುವ ಮಗು. ಅದೇ ಮುಂದೆ ರಾಜ್ಯದ ಎಲ್ಲ ಕಡೆಯ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಯವರೆಗೆ ಬಂತು. ಅದಕ್ಕೆ ಕರೆಂಟೂ ಬೇಕಿರಲಿಲ್ಲ.

ಉಪಕರಣ ಇದ್ದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ ಅನ್ನುವುದಕ್ಕೂ ಸಾಕ್ಷಿ ಇದೆ. ಹಳ್ಳಿಯ ಮಕ್ಕಳ ಕಲಿಕೆಯನ್ನು ಸಮೀಕ್ಷೆ ಮಾಡುವ ಅಸರ್‌ನ 2024ರ ವರದಿಯ ಪ್ರಕಾರ ದೇಶದ ಹಳ್ಳಿಗಳಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 80ಕ್ಕಿಂತ ಜಾಸ್ತಿ ಜನಕ್ಕೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬರುವವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಸುಮಾರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಸುಮಾರು ಶೇ 76. ಸ್ಮಾರ್ಟ್ ಬೋರ್ಡ್ ಬಂದರೆ ಸಂತೋಷ, ನಾನೂ ಬಳಸುತ್ತೇನೆ. ಬರುವವರೆಗೆ ಕಾಯುವುದು ಬೇಡ.

## ತರಗತಿಯ ಒಳಗೆ

"ಸಿಲಬಸ್ ಮುಗಿಸೋಕೇ ಟೈಮ್ ಸಾಲಲ್ಲ. ಹೊಸದು ಎಲ್ಲಿಂದ ಸೇರಿಸ್ಲಿ?"

ಟೀಚರ್‌ಗಳು ಜಾಸ್ತಿ ಕೇಳುವ ಪ್ರಶ್ನೆ ಇದು. ಏನನ್ನೂ ಸೇರಿಸಬೇಡಿ. ಪಾಠ ಅದೇ ಇರಲಿ, ಅದರ ಬಗ್ಗೆ ನೀವು ಮಕ್ಕಳಿಗೆ ಕೇಳುವ ಪ್ರಶ್ನೆ ಬದಲಾಗಲಿ. ನನ್ನ ತರಗತಿಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹತ್ತನೇ ತರಗತಿಯ ವಿಜ್ಞಾನದಲ್ಲಿ ವಿದ್ಯುಚ್ಛಕ್ತಿಯ ಪಾಠ ಇದೆ. 1,000 ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಮೊದಲೆಲ್ಲ ಪುಸ್ತಕದ ಲೆಕ್ಕ ಬೋರ್ಡ್ ಮೇಲೆ ಮಾಡಿ ಮುಂದೆ ಹೋಗುತ್ತಿದ್ದೆ. ಒಂದು ವರ್ಷ ಎಲ್ಲರೂ ಮನೆಯ ಬೆಸ್ಕಾಂ ಬಿಲ್ ತನ್ನಿ ಅಂದೆ. ಗೃಹಜ್ಯೋತಿ ಇರುವುದರಿಂದ ಎಷ್ಟೋ ಬಿಲ್‌ಗಳಲ್ಲಿ ಕಟ್ಟಬೇಕಾದ ಹಣ ಸೊನ್ನೆ. ಆದರೆ ಯೂನಿಟ್ ಅಚ್ಚಾಗಿರುತ್ತದೆ ಅಲ್ವಾ? "ನಮ್ಮನೆಗೆ ಇಷ್ಟು ಫ್ರೀ, ಅವರ ಮನೆಗೆ ಅಷ್ಟು ಯಾಕೆ?" ಅಂತ ಒಬ್ಬ ಹುಡುಗ ಕೇಳಿದ. ಹೆಚ್ಚಿನ ಮನೆಗಳಿಗೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದರೋ ಅದಕ್ಕೆ ಶೇ 10 ಸೇರಿಸಿ ಮಿತಿ ಹಾಕಿದ್ದಾರೆ, ಅದು 200 ಯೂನಿಟ್ ಮೀರುವಂತಿಲ್ಲ. ಸರಾಸರಿ, ಶೇಕಡಾ ಎರಡೂ ಅಲ್ಲೇ ಬಂತು. ಅವತ್ತು ನಾನು ಗಣಿತದ ಪುಸ್ತಕ ತೆಗೆಯಲೇ ಇಲ್ಲ.

ಒಬ್ಬ ಹುಡುಗಿಯ ಅಮ್ಮ ಮನೆಯಲ್ಲೇ ಇಸ್ತ್ರಿ ಮಾಡಿಕೊಡುತ್ತಾರೆ. ಪೆಟ್ಟಿಗೆ 750 ವ್ಯಾಟ್, ದಿನಕ್ಕೆ ನಾಲ್ಕು ಗಂಟೆ, ಅಂದರೆ ದಿನಕ್ಕೆ 3 ಯೂನಿಟ್ ಅಂತ ಲೆಕ್ಕ ಹಾಕಿದಳು. ಮಾರನೇ ದಿನ ಬೇರೇನೂ ಹಾಕದ ಹೊತ್ತಿನಲ್ಲಿ ಮೀಟರ್ ನೋಡಿಕೊಂಡು ಬಂದಳು. ಲೆಕ್ಕಕ್ಕಿಂತ ಕಡಿಮೆ ಓಡಿತ್ತು. "ಮಿಸ್, ಮೀಟರ್ ತಪ್ಪಾ, ನನ್ನ ಲೆಕ್ಕ ತಪ್ಪಾ?" ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ. ತರಗತಿಗೇ ಆ ಪ್ರಶ್ನೆ ಬಿಟ್ಟೆ. ಎರಡು ದಿನ ಆದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ: ಪೆಟ್ಟಿಗೆ ಕಾದ ಮೇಲೆ ಲೈಟು ಆರಿ ಆರಿ ಹತ್ತುತ್ತದಲ್ಲ, ಆರಿದಾಗ ಕರೆಂಟು ಎಳೆಯುವುದಿಲ್ಲ. ಆ ಹುಡುಗ ಅವತ್ತಿನವರೆಗೆ ಬಾಯಿ ಬಿಟ್ಟಿರಲಿಲ್ಲ.

ಇಷ್ಟಕ್ಕೂ ಹಿಡಿದದ್ದು ಮೂರು ದಿನ, ದಿನಕ್ಕೆ ಎಂಟು ಹತ್ತು ನಿಮಿಷ. ಲೆಕ್ಕ ಹಾಕುವುದು, ಅಳೆಯುವುದು, ಎರಡೂ ಕೂಡದಿದ್ದಾಗ ಕಾರಣ ಹುಡುಕುವುದು. ಪೀಣ್ಯದ ವರ್ಕ್‌ಶಾಪಿನಲ್ಲೂ, ಆಸ್ಪತ್ರೆಯ ಲ್ಯಾಬಿನಲ್ಲೂ, ಸಾಫ್ಟ್‌ವೇರ್ ಆಫೀಸಿನಲ್ಲೂ ಮಾಡುವುದು ಇದನ್ನೇ.

"ಗುಂಪು ಚಟುವಟಿಕೆ ಕೊಟ್ರೆ ಒಬ್ಬಳೇ ಎಲ್ಲ ಮಾಡ್ತಾಳೆ. ಉಳಿದವರು ಹರಟೆ ಹೊಡೀತಾರೆ."

ನನಗೂ ಹಾಗೇ ಆಗಿತ್ತು. ಮೊದಲ ವರ್ಷ ಏಳು ಎಂಟು ಜನರ ಗುಂಪು ಮಾಡಿ ಚಾರ್ಟ್ ಬರೆಸಿದೆ. ಅರ್ಧ ಚಾರ್ಟು ಅಂಗಡಿಯಿಂದ ಬಂದಿದ್ದವು, ಇನ್ನರ್ಧ ಅಕ್ಕಂದಿರು ಬರೆದಿದ್ದು. ಈಗ ನಾಲ್ಕೇ ಜನ. ಕೆಲಸ ಮುಗಿದ ಮೇಲೆ ಚೀಟಿ ಎತ್ತುತ್ತೇನೆ, ಯಾರ ಹೆಸರು ಬಂತೋ ಅವರೇ ಇಡೀ ಗುಂಪಿನ ಪರವಾಗಿ ವಿವರಿಸಬೇಕು. ಇದರಿಂದ ಚುರುಕಾದ ಹುಡುಗಿ ತಾನು ಮಾಡಿ ಮುಗಿಸಿದರೆ ಸಾಲದು, ಉಳಿದ ಮೂವರಿಗೂ ಅರ್ಥ ಮಾಡಿಸಬೇಕಾಗುತ್ತದೆ. ಮನೆಗೆ ಮಾತ್ರ ಗುಂಪಿನ ಕೆಲಸ ಕೊಡಬೇಡಿ.

"ಬಾಯಿಪಾಠ ತಪ್ಪು ಅಂತಾರೆ. ಮಗ್ಗಿ ಬೇಡ್ವಾ ಹಾಗಾದ್ರೆ?"

ಬೇಕು. ಮಗ್ಗಿ, ಕಾಗುಣಿತ, ಸೂತ್ರ ಎಲ್ಲ ಬೇಕು. ಏಳೆಂಟಲೆ ಎಷ್ಟು ಅಂತ ತಡಕಾಡುವ ಮಗುವಿಗೆ ಲೆಕ್ಕದ ಮುಂದಿನ ಹೆಜ್ಜೆ ಯೋಚಿಸಲು ಮನಸ್ಸಿನಲ್ಲಿ ಜಾಗವೇ ಉಳಿಯುವುದಿಲ್ಲ. ಗೈಡಿನ ಉತ್ತರವನ್ನು ಅರ್ಥವಾಗದೆ ಉರು ಹೊಡೆಯುವುದು ಮಾತ್ರ ಬೇಡ.

ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಅಂತ ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದರು. ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಹೋಗುತ್ತದೆ. ಬಿಟ್ಟು ಬಿಟ್ಟು ಮತ್ತೆ ನೆನಪಿಸಿಕೊಂಡರೆ ಉಳಿಯುತ್ತದೆ. ಹಾಗಾಗಿ ನನ್ನ ಪಿರಿಯಡ್‌ನ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿರುತ್ತದೆ. ನಿನ್ನೆಯದು ಒಂದು, ಹೋದ ವಾರದ್ದು ಒಂದು, ಹೋದ ತಿಂಗಳದ್ದು ಒಂದು, ಹೀಗೆ ಮೂರು ಪ್ರಶ್ನೆ. ಅಂಕ ಇಲ್ಲ. ತಮ್ಮದನ್ನು ತಾವೇ ತಿದ್ದಿಕೊಳ್ಳುತ್ತಾರೆ.

"ಕನ್ನಡ ಮೀಡಿಯಂ ಓದಿದ್ರೆ ಬೆಂಗ್ಳೂರಲ್ಲಿ ಕೆಲಸ ಸಿಗುತ್ತಾ ಮಿಸ್, ನಿಜ ಹೇಳಿ."

ನಿಜವನ್ನೇ ಹೇಳುತ್ತೇನೆ. ಬೆಂಗಳೂರಿನಲ್ಲಿ ಒಳ್ಳೆ ಕೆಲಸಕ್ಕೆ ಇಂಗ್ಲಿಷ್ ಬೇಕು. ಅದನ್ನು ಚೆನ್ನಾಗಿ ಕಲಿಸುವುದು ನಮ್ಮ ಜವಾಬ್ದಾರಿ. ಆದರೆ ಇಂಗ್ಲಿಷ್ ಕಲಿಯುವುದು ಬೇರೆ, ಅರ್ಥವಾಗದ ಇಂಗ್ಲಿಷಿನಲ್ಲಿ ವಿಜ್ಞಾನ ಕಲಿಯುವುದು ಬೇರೆ. ಪ್ರಾಥಮಿಕ ಹಂತದಲ್ಲೂ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆಯ್ಕೆ ನಿಮ್ಮ ಕೈಯಲ್ಲೇ ಇದೆ. ಆಯ್ಕೆ ಮಾಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವತ್ತು ಶಾಲೆಯಲ್ಲಿ ಏನು ಕಲಿತೆ ಅಂತ ಕೇಳಿದರೆ ಮಗು ತನ್ನ ಮಾತಿನಲ್ಲಿ ಹೇಳುತ್ತದಾ?

ಕನ್ನಡದಲ್ಲೂ ಕಷ್ಟ ಇದೆ. "ದ್ಯುತಿಸಂಶ್ಲೇಷಣೆ" ಅನ್ನುವ ಪದ ಎಷ್ಟು ಮಕ್ಕಳಿಗೆ ಮನೆಮಾತು? ನಾನು ಮೊದಲು "ಎಲೆ ಬಿಸಿಲು ಹಿಡಿದು ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ" ಅಂತ ಶುರು ಮಾಡುತ್ತೇನೆ, ಪದ ಆಮೇಲೆ ಬರುತ್ತದೆ. ನೋಟ್‌ಬುಕ್ಕಿನ ಕೊನೆಯಲ್ಲಿ ಪದಗಳ ಎರಡು ಸಾಲು, ಕನ್ನಡ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ: ಪ್ರತಿರೋಧ ಅಂದರೆ ರೆಸಿಸ್ಟೆನ್ಸ್, ವೇಗೋತ್ಕರ್ಷ ಅಂದರೆ ಆ್ಯಕ್ಸಲರೇಷನ್. ಪಿಯುಸಿಗೆ ಹೋದಾಗ ಆ ಪುಟಗಳೇ ಕೈ ಹಿಡಿದವು ಅಂತ ಹಳೆಯ ಮಕ್ಕಳು ಬಂದು ಹೇಳುತ್ತಾರೆ. ಇನ್ನೊಂದು ಮಾತು. ನಮ್ಮ ತರಗತಿಯಲ್ಲಿ ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಗೆಳತಿಯ ಜೊತೆ ಉರ್ದು, ಅಂಗಡಿಯಲ್ಲಿ ತೆಲುಗು ಮಾತಾಡುವ ಮಕ್ಕಳಿದ್ದಾರೆ. ನಾಲ್ಕು ಭಾಷೆ ಬರುವ ಮಗುವಿಗೆ ಐದನೆಯದು ಬರುವುದಿಲ್ಲ ಅಂತ ಯಾಕೆ ಹೆದರಿಸಬೇಕು?

## ಅಂಕ, ಪರೀಕ್ಷೆ, ಎಐ

"ಇದೆಲ್ಲ ಸರಿ. 625ಕ್ಕೆ ಎಷ್ಟು ಬರುತ್ತೆ ಅದನ್ನ ಹೇಳಿ."

ಇಷ್ಟೇ ಬರುತ್ತದೆ ಅಂತ ಮಾತು ಕೊಡಲಾರೆ. ಅಂಕ ಮುಖ್ಯ ಅಲ್ಲ ಅಂತಲೂ ಹೇಳಲಾರೆ. ಸೀಟು, ವಿದ್ಯಾರ್ಥಿವೇತನ ಎಲ್ಲ ಅದರ ಮೇಲೇ ನಿಂತಿದೆ. ನಮ್ಮ ತರಗತಿಯಲ್ಲಿ ಜನವರಿಯಿಂದ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು ಇದ್ದೇ ಇರುತ್ತದೆ. ಅಲ್ಲಿಯವರೆಗೆ ಅರ್ಥ ಮಾಡಿಕೊಂಡು ಓದಿದವರಿಗೆ ಆ ತಿಂಗಳುಗಳು ಹಗುರ. ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯುವ ಅವಕಾಶ ಇರುವುದರಿಂದ ಒಂದೇ ದಿನದ ಭಯವೂ ಸ್ವಲ್ಪ ಇಳಿದಿದೆ.

ಟೀಚರ್‌ಗಳಿಗೆ ಒಂದು ಮಾತು. ಪ್ರತಿ ವಿಷಯದ 100ರಲ್ಲಿ 20, ಪ್ರಥಮ ಭಾಷೆಯ 125ರಲ್ಲಿ 25 ಆಂತರಿಕ ಅಂಕ. ಅದನ್ನು ಸುಮ್ನೆ ಎಲ್ಲರಿಗೂ ತುಂಬಿಬಿಡುವುದು ರೂಢಿಯಾಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಮಗು ಅಳೆದದ್ದು, ವಿಚಾರಿಸಿದ್ದು, ನಿಂತು ಹೇಳಿದ್ದು ಲೆಕ್ಕಕ್ಕೆ ಬರಲು ಇರುವ ಜಾಗ ಅದೊಂದೇ.

"ಮಗ ಹೋಂವರ್ಕ್ ಎಲ್ಲ ಎಐ ಹತ್ರ ಮಾಡಿಸ್ತಾನೆ. ಫೋನ್ ಕಿತ್ಕೊಳ್ಲಾ?"

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಯಲ್ಲಿ. ಆಮೇಲೆ ಅಂಥವು ಹತ್ತಾರು ಬಂದಿವೆ, ಕನ್ನಡದಲ್ಲೂ ಬರೆಯುತ್ತವೆ. ಫೋನ್ ಕಿತ್ತುಕೊಂಡರೆ ಗೆಳೆಯನ ಫೋನ್ ಇರುತ್ತದೆ. ಬದಲಾಗಬೇಕಾದದ್ದು ಹೋಂವರ್ಕು, ಅದನ್ನು ಬದಲಾಯಿಸಬೇಕಾದವರು ನಾವು ಟೀಚರ್‌ಗಳು. "ಜಲಮಾಲಿನ್ಯದ ಕುರಿತು ಪ್ರಬಂಧ" ಅಂತ ಕೊಟ್ಟರೆ ಯಂತ್ರ ಬರೆಯುತ್ತದೆ. "2024ರ ಬೇಸಿಗೆಯಲ್ಲಿ ನಿಮ್ಮ ಬೀದಿಗೆ ನೀರು ಹೇಗೆ ಬಂತು, ಟ್ಯಾಂಕರ್‌ಗೆ ಎಷ್ಟು ಕೊಟ್ಟಿರಿ, ಇಬ್ಬರು ಅಕ್ಕಪಕ್ಕದವರನ್ನು ಕೇಳಿ ಬರೆಯಿರಿ" ಅಂದರೆ ಮಗು ಮನೆಯಿಂದ ಹೊರಗೆ ಕಾಲಿಡಲೇಬೇಕು.

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಮಕ್ಕಳಿಗೆ ಹೇಳಿ. ಅಪಾರ ಬರಹ ಓದಿಸಿ, ಒಂದು ಪದದ ಮುಂದೆ ಯಾವ ಪದ ಬರಬಹುದು ಅಂತ ಊಹಿಸಲು ಕಲಿಸಿರುತ್ತಾರೆ. ಊಹೆ ಬಹಳ ಸಲ ಸರಿ ಇರುತ್ತದೆ. ತಪ್ಪಿದಾಗಲೂ ಅದೇ ಗಟ್ಟಿ ದನಿಯಲ್ಲಿ ಹೇಳುತ್ತದೆ. ಒಮ್ಮೆ ಒಂದು ಎಐ ಆ್ಯಪ್‌ನಲ್ಲಿ ಸ್ಯಾಂಕಿ ಕೆರೆಯ ಬಗ್ಗೆ ಒಂದು ಪುಟ ಬರೆಸಿ, ಪ್ರಿಂಟ್ ಹಾಕಿ ಹಂಚಿದೆ. ಕೆಂಪು ಪೆನ್ನು ನಿಮ್ಮದು, ತಿದ್ದಿ ಅಂದೆ. ಆ ಕೆರೆಯನ್ನು ಕೆಂಪೇಗೌಡರು ಕಟ್ಟಿಸಿದರು ಅಂತ ಅದರಲ್ಲಿತ್ತು. "ಹಾಗಿದ್ರೆ ಸ್ಯಾಂಕಿ ಯಾರು?" ಅಂತ ಒಬ್ಬಳು ಕೇಳಿದಳು. ಹುಡುಕಿದರು. 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ್ದು ಅಂತ ಸಿಕ್ಕಿತು. ಅವತ್ತಿನಿಂದ ನಮ್ಮ ಮಕ್ಕಳು ಎಐ ಬಳಸಿದರೆ ಎರಡು ವಿಷಯ ಬರೆಯಬೇಕು: ಏನು ಕೇಳಿದೆ, ಬಂದದ್ದರಲ್ಲಿ ಯಾವುದನ್ನು ಬೇರೆ ಎಲ್ಲಿ ನೋಡಿ ಸರಿ ಅಂದುಕೊಂಡೆ.

ಅಪ್ಪ ಅಮ್ಮಂದಿರು ಮಾಡಬಹುದಾದ ಒಂದು ಕೆಲಸ ಇದೆ. ಹೋಂವರ್ಕ್ ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, "ಏನು ಬರೆದೆ, ನನಗೆ ಹೇಳು" ಅನ್ನಿ. ನಿಮಗೆ ಓದು ಬರದಿದ್ದರೂ ಪರವಾಗಿಲ್ಲ. ಮಗುವಿಗೆ ಗೊತ್ತಿದೆಯೋ ಇಲ್ಲವೋ ಎರಡೇ ನಿಮಿಷದಲ್ಲಿ ನಿಮಗೆ ಗೊತ್ತಾಗುತ್ತದೆ.

## ಶಾಲೆಯ ಆಚೆಗೆ

"ದುಡ್ಡು, ಒಟಿಪಿ, ಆನ್‌ಲೈನ್ ಮೋಸ, ಇದನ್ನೂ ನೀವೇ ಕಲಿಸಬೇಕಾ?"

ಹೌದು, ಪಾಠದಲ್ಲೇ ಜಾಗ ಇದೆ. ತಿಂಗಳಿಗೆ 2 ರೂಪಾಯಿ ಬಡ್ಡಿ ಅಂದರೆ ಕಡಿಮೆ ಅನ್ನಿಸುತ್ತದೆ. ಕಟ್ಟದೆ ಬಿಟ್ಟರೆ ವರ್ಷಕ್ಕೆ ಚಕ್ರಬಡ್ಡಿ ಶೇ 26.8 ಆಗುತ್ತದೆ. ಇದನ್ನು ಮಕ್ಕಳೇ ಹನ್ನೆರಡು ಸಲ ಗುಣಿಸಿ ಕಂಡುಕೊಂಡಾಗ ತರಗತಿ ನಿಶ್ಶಬ್ದವಾಗಿತ್ತು. ಎಷ್ಟೋ ಮನೆಗಳಲ್ಲಿ ಆ ಸಾಲ ಇದೆ.

ಮೋಸದ ವಿಷಯ ನಾಟಕ ಮಾಡಿಸುತ್ತೇವೆ. ಒಬ್ಬ ಪೊಲೀಸ್ ಥರ ವಿಡಿಯೊ ಕಾಲ್ ಮಾಡಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಅನ್ನುತ್ತಾನೆ. ಇನ್ನೊಬ್ಬಳು ಅಜ್ಜಿ. ಅಂಥದ್ದೊಂದು ಅರೆಸ್ಟು ಕಾನೂನಿನಲ್ಲೇ ಇಲ್ಲ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಹಾಕಬೇಕಾಗಿಲ್ಲ, ಕೇಳಿದರೆ ಅದು ಮೋಸ. ಹಣ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಈ ಮೂರನ್ನು ಮನೆಯಲ್ಲಿ ಇಬ್ಬರು ದೊಡ್ಡವರಿಗೆ ಹೇಳಿಕೊಟ್ಟು ಬರುವುದೇ ಅವತ್ತಿನ ಹೋಂವರ್ಕ್.

"ಮಗ ಐಟಿಐಗೆ ಹೋಗ್ತೀನಿ ಅಂತಾನೆ. ನೆಂಟರ ಮುಂದೆ ತಲೆ ಎತ್ತೋದು ಹೆಂಗೆ?"

ತಲೆ ಎತ್ತಿಯೇ ಹೇಳಿ. ಈ ಊರನ್ನು ಕಟ್ಟಿದ್ದೇ ಕೈಕೆಲಸ ಗೊತ್ತಿದ್ದವರು. ಸರ್ ಎಂ. ವಿಶ್ವೇಶ್ವರಯ್ಯನವರು 1943ರಲ್ಲಿ ಬೆಂಗಳೂರಿನಲ್ಲಿ ಶುರುವಾಗಲು ಕಾರಣರಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಇವತ್ತಿನ ಎಸ್‌ಜೆ ಪಾಲಿಟೆಕ್ನಿಕ್. 1972ರಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಐಟಿಐ ಆದವರು ಡಿಪ್ಲೊಮಾಕ್ಕೆ, ಡಿಪ್ಲೊಮಾ ಆದವರು ನೇರ ಎರಡನೇ ವರ್ಷದ ಬಿಇಗೆ ಹೋಗಬಹುದು. ದಾರಿ ಮುಚ್ಚುವುದಿಲ್ಲ. ಅಪ್ರೆಂಟಿಸ್ ಆಗಿ ಸೇರಿದರೆ ಕಲಿಯುವಾಗಲೇ ಸ್ಟೈಪೆಂಡ್ ಸಿಗುತ್ತದೆ.

ಸೇರುವ ಮೊದಲು ಅವನನ್ನು ಕರೆದುಕೊಂಡು ಹೋಗಿ ಅಲ್ಲಿನ ಯಂತ್ರಗಳನ್ನು ನೋಡಿ, ಅಲ್ಲಿ ಓದುತ್ತಿರುವ ಹುಡುಗರ ಹತ್ತಿರ ಮಾತಾಡಿ. ಎಲ್ಲ ಐಟಿಐಗಳೂ ಒಂದೇ ಥರ ಇಲ್ಲ.

"ಮಗಳು ಜಾಸ್ತಿ ಪ್ರಶ್ನೆ ಕೇಳ್ತಾಳೆ ಅಂತ ಟೀಚರ್ ಬೈತಾರಂತೆ."

ಮನೆಯಲ್ಲಾದರೂ ಬೈಯಬೇಡಿ. ಪ್ರಶ್ನೆ ಮಾಡುವುದನ್ನೇ ಬದುಕಾಗಿಸಿಕೊಂಡಿದ್ದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರ ಊರು ಇದು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಅವರು 1962ರಲ್ಲಿ ಶುರು ಮಾಡಿದ ವಿಜ್ಞಾನ ವೇದಿಕೆಯಲ್ಲಿ ಯಾರು ಬೇಕಾದರೂ ಬಂದು ಉಪನ್ಯಾಸ ಕೇಳಿ ಪ್ರಶ್ನೆ ಕೇಳಬಹುದಿತ್ತು. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರೂ ತಾರಾಲಯ, ಕಬ್ಬನ್ ಪಾರ್ಕಿನ ಲೈಬ್ರರಿ, ಇಂಥ ಕಡೆಗೆ ತಿಂಗಳಿಗೊಮ್ಮೆ ಕರೆದುಕೊಂಡು ಹೋಗಿ. ಟೀಚರ್ ಹತ್ತಿರ ಹೋಗಿ ಜಗಳ ಬೇಡ. "ಇವಳ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು ವಾರಕ್ಕೊಮ್ಮೆ ತೋರಿಸಬಹುದಾ?" ಅಂತ ಕೇಳಿ. ಬೇಡ ಅನ್ನುವ ಟೀಚರ್ ಕಡಿಮೆ.

## ಟೀಚರ್‌ಗಳು ಮಾತ್ರ ಕೇಳುವುದು

"ಎನ್‌ಇಪಿನೋ ಎಸ್‌ಇಪಿನೋ ತೀರ್ಮಾನ ಆಗ್ಲಿ, ಆಮೇಲೆ ಶುರು ಮಾಡೋಣ ಅಲ್ವಾ?"

2005ರ ಪಠ್ಯಕ್ರಮ ಚೌಕಟ್ಟಿನಲ್ಲೇ ಪಾಠವನ್ನು ಹೊರಗಿನ ಬದುಕಿಗೆ ಜೋಡಿಸಿ, ಕಂಠಪಾಠ ಬಿಡಿಸಿ ಅಂತ ಇತ್ತು. ಆಮೇಲೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ), 2023ರಲ್ಲಿ ರಾಜ್ಯದ್ದೇ ಶಿಕ್ಷಣ ನೀತಿಗೆ (ಎಸ್‌ಇಪಿ) ಆಯೋಗ. ಈ ಜೂನ್‌ನಲ್ಲಿ ಎಂಟನೇ ತರಗತಿಗೆ ಬಂದ ಮಗು ನೀತಿಗಾಗಿ ಎಂಟನೇ ತರಗತಿಯಲ್ಲೇ ಕಾಯುವುದಿಲ್ಲ.

"ಐವತ್ತು ಮಕ್ಕಳು, ಮೇಲೆ ಸಮೀಕ್ಷೆ ಡ್ಯೂಟಿ, ಎಲೆಕ್ಷನ್ ಡ್ಯೂಟಿ. ನಮ್ ಕೈಲಾಗುತ್ತಾ?"

ನಿಮ್ಮ ದಣಿವು ನನಗೆ ಗೊತ್ತು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ನೇ ಹೇಳುತ್ತದೆ. ಅದನ್ನು ಸಂಘದ ಮೂಲಕ ಕೇಳುತ್ತಲೇ ಇರಬೇಕು. ಜೊತೆಗೆ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಹೋಗಬೇಡಿ. ಒಂದು ತರಗತಿ, ಒಂದು ಪಾಠ, ಒಂದು ಬದಲಾವಣೆ. ಮೊದಲ ತಿಂಗಳು ಪುಸ್ತಕ ಮುಚ್ಚಿದ ಐದು ನಿಮಿಷ ಮಾತ್ರ ಮಾಡಿ. ಅದಕ್ಕೆ ಸಿದ್ಧತೆಯೂ ಬೇಡ, ತಿದ್ದುವ ಹೊರೆಯೂ ಇಲ್ಲ. ಶಾಲೆಯಲ್ಲಿ ಜೊತೆಗೆ ಒಬ್ಬರು ಸಿಕ್ಕರೆ ತುಂಬಾ ಹಗುರಾಗುತ್ತದೆ. ನನಗೆ ನಮ್ಮ ಕನ್ನಡ ಮೇಷ್ಟ್ರು ಸಿಕ್ಕಿದರು.

"ನಾವು ಮಾಡ್ತಿರೋದು ಕೆಲಸ ಮಾಡ್ತಿದೆ ಅಂತ ಗೊತ್ತಾಗೋದು ಹೆಂಗೆ?"

ಪರೀಕ್ಷೆಯ ಅಂಕ ತಡವಾಗಿ ಹೇಳುತ್ತದೆ. ಅಷ್ಟು ದಿನ ಕಾಯದೆ ನೋಡುವ ದಾರಿ ಇದೆ. ಪಾಠ ಮುಗಿದ ಆರು ವಾರದ ಮೇಲೆ, ಹೇಳದೆ ಕೇಳದೆ, ಅದೇ ವಿಷಯದ ಹೊಸ ಪ್ರಶ್ನೆಯೊಂದನ್ನು ಕೊಡಿ. ಇಸ್ತ್ರಿ ಪೆಟ್ಟಿಗೆಯ ಲೆಕ್ಕ ಮಾಡಿದವರಿಗೆ ನಾನು ಫ್ರಿಜ್ ಬಗ್ಗೆ ಕೇಳಿದೆ: 24 ಗಂಟೆಯೂ ಹಾಕಿರುತ್ತೇವೆ, ಆದರೂ ಬಿಲ್ ಯಾಕೆ ಅಷ್ಟು ಬರುವುದಿಲ್ಲ? ಸುಮಾರು ಅರ್ಧ ತರಗತಿ ಸರಿಯಾಗಿ ಹೇಳಿತು. ಉಳಿದವರಿಗೆ ಮತ್ತೆ ಹೇಳಿಕೊಡಬೇಕು ಅಂತ ನನಗೆ ಗೊತ್ತಾಯಿತು.

ಇನ್ನೊಂದನ್ನು ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ವಾರದಲ್ಲಿ ಯಾವ ಯಾವ ಮಗು ತಾನಾಗಿ ಪ್ರಶ್ನೆ ಕೇಳಿತು, ಏನು ಕೇಳಿತು. ಜೂನ್‌ನಲ್ಲಿ ಬರೀ ಐದಾರು ಹೆಸರು, ಎಲ್ಲ ಮುಂದಿನ ಬೆಂಚು. "ಇದು ಪರೀಕ್ಷೆಗೆ ಬರುತ್ತಾ ಮಿಸ್?" ಅನ್ನುವುದೇ ಜಾಸ್ತಿ. ಹೋದ ವರ್ಷ ಡಿಸೆಂಬರ್‌ನ ಪುಟದಲ್ಲಿ ಇಪ್ಪತ್ತಮೂರು ಹೆಸರಿತ್ತು. ಅದರಲ್ಲಿ ಒಂದು ಆ ಹಿಂದಿನ ಬೆಂಚಿನ ಹುಡುಗನದು: "ಇಲ್ಲಿವರೆಗೆ ಅರ್ಥ ಆಯ್ತು ಮಿಸ್, ಈ ಸಾಲಿನಿಂದ ಆಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?"